ಡೈಕ್, ನಕ್ಷೆ, ರಿವ್ಯೂವರ್: ಒಂದು ಪೇಪರ್ ಅಚ್ಚಾದ ಬಗೆ

ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯವನ್ನು ಎತ್ತಿಕೊಂಡು, ಮುಂದೆ ಸಾರಾಂಶ, ಹಿಂದೆ ಆಕರಪಟ್ಟಿ ಸೇರಿಸಿದರೆ ಸಂಶೋಧನಾ ಪೇಪರ್ ಸಿದ್ಧ ಎಂಬ ಮಾತು ನಮ್ಮ ಭೂವಿಜ್ಞಾನ ವಿಭಾಗಗಳಲ್ಲಿ ಓಡಾಡುತ್ತಲೇ ಇರುತ್ತದೆ. ನನ್ನ ಗೈಡ್ ಅದಕ್ಕೆ ಸೊಪ್ಪು ಹಾಕುವವರಲ್ಲ. "ನೋಡಮ್ಮ, ಪ್ರಬಂಧದಲ್ಲಿ ನಿನಗೆ ಗೊತ್ತಿರುವುದನ್ನೆಲ್ಲ ತೋರಿಸಿದ್ದೀಯ. ಅದು ಪರೀಕ್ಷಕರಿಗೆ. ಪೇಪರಿನಲ್ಲಿ ಒಂದೇ ಮಾತು ಹೇಳು, ಉಳಿದದ್ದೆಲ್ಲ ಅದಕ್ಕೆ ಸಾಕ್ಷಿಯಾಗಲಿ" ಎಂದರು. ಆ ಒಂದು ಮಾತು ಯಾವುದು ಎಂದು ತೀರ್ಮಾನಿಸುವುದಕ್ಕೇ ಬೇಸಿಗೆ ರಜೆ ಕಳೆದುಹೋಯಿತು.

ನಾನು ಕೆಲಸ ಮಾಡಿದ್ದು ರಾಮನಗರ, ಕನಕಪುರ, ಹಾರೋಹಳ್ಳಿ ಸುತ್ತಲಿನ ಡೈಕ್‌ಗಳ ಮೇಲೆ. ನೆಲದಾಳದ ಶಿಲಾಪಾಕ ಬಿರುಕುಗಳಲ್ಲಿ ನುಗ್ಗಿ ಬಂದು ಗೋಡೆಯಂತೆ ನೆಟ್ಟಗೆ ಗಟ್ಟಿಯಾದದ್ದು ಡೈಕ್. ಆ ಭಾಗದಲ್ಲಿ ಓಡಾಡಿದವರು ಅದನ್ನು ನೋಡಿಯೇ ಇರುತ್ತಾರೆ. ಬೂದು ನೈಸ್ ಶಿಲೆಯ ನಡುವೆ ದುಂಡು ದುಂಡಾದ ಕಪ್ಪು ಬಂಡೆಗಳು ಸಾಲಾಗಿ ಬಿದ್ದಿದ್ದರೆ ಕೆಳಗೊಂದು ಡೈಕ್ ಇದೆ ಎಂದೇ ಅರ್ಥ. ಕಲ್ಲು ವ್ಯಾಪಾರದಲ್ಲಿ ಅದು ಕಪ್ಪು ಗ್ರಾನೈಟ್, ನಮ್ಮ ಲೆಕ್ಕದಲ್ಲಿ ಡಾಲರೈಟ್. ಬೆಂಗಳೂರಿನ ಸುತ್ತ ಪೂರ್ವ–ಪಶ್ಚಿಮವಾಗಿ ಹಾದುಹೋಗುವ ದೊಡ್ಡ ಡೈಕ್‌ಗಳು ಸುಮಾರು 237 ಕೋಟಿ ವರ್ಷ ಹಳೆಯವು ಎಂಬುದು ಯುರೇನಿಯಂ–ಸೀಸದ ಕಾಲಮಾಪನದಿಂದ ಈಗಾಗಲೇ ಸ್ಥಿರಪಟ್ಟಿದೆ. ಅವು ಸೀಳಿಕೊಂಡು ಬಂದಿರುವ ಶಿಲೆಗಳು ಇನ್ನೂ ಹಳೆಯವು. ಒಂದು ಆ ಬೂದು ಶಿಲೆ, ಅಂದರೆ ಪೆನಿನ್ಸುಲಾರ್ ನೈಸ್, ಇನ್ನೊಂದು ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಚಾಚಿಕೊಂಡಿರುವ, ಹೆಚ್ಚುಕಡಿಮೆ 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಊರಿನ ಹೆಸರು ಬದಲಾಗುತ್ತಲೇ ಬಂದರೂ ಗ್ರಾನೈಟಿನದು ಮಾತ್ರ ಹಾಗೆಯೇ ಉಳಿದಿದೆ.

ನಮ್ಮ ಒಂದು ಮಾತು ಕೊನೆಗೆ ಹೀಗೆ ನಿಂತಿತು: ನನ್ನ ಪ್ರದೇಶದಲ್ಲಿ ಎರಡು ದಿಕ್ಕಿನ ಡೈಕ್‌ಗಳಿವೆ, ಅವುಗಳ ರಾಸಾಯನಿಕ ಸಂಯೋಜನೆಯನ್ನು ನೋಡಿದರೆ ಅವು ಒಂದೇ ಶಿಲಾಪಾಕದಿಂದ ಬಂದಿರಲು ಸಾಧ್ಯವಿಲ್ಲ. ಅಷ್ಟೆ. ಪ್ರಬಂಧದಲ್ಲಿದ್ದ ನೈಸ್ ಶಿಲೆಯ ವರ್ಣನೆ, ಅಂತರ್ಜಲದ ಟಿಪ್ಪಣಿ, ಹಿಂದಿನ ಸಂಶೋಧಕರ ಉದ್ದನೆಯ ಪಟ್ಟಿ ಎಲ್ಲವೂ ಹೊರಗೆ.

ಮೊದಲು ಕೈಗೆತ್ತಿಕೊಂಡದ್ದು ನಕ್ಷೆ. ಭೂವಿಜ್ಞಾನದ ಪೇಪರಿನಲ್ಲಿ ಅನುಭವಿ ಓದುಗ ಸಾರಾಂಶ ಮುಗಿಸಿ ನೇರವಾಗಿ ನೆಗೆಯುವುದು ನಕ್ಷೆಗೆ. ಅಲ್ಲಿ ನಂಬಿಕೆ ಬಾರದಿದ್ದರೆ ಮುಂದಿನ ಪುಟಗಳನ್ನು ಅವನು ಅನುಮಾನದಿಂದಲೇ ಓದುತ್ತಾನೆ. ಸರ್ವೆ ಆಫ್ ಇಂಡಿಯಾದ 57 ಎಚ್ ಸಂಖ್ಯೆಯ ಭೂಪಟ ಹಾಳೆಗಳನ್ನು ತಳಕ್ಕಿಟ್ಟುಕೊಂಡು, ಉಪಗ್ರಹ ಚಿತ್ರದ ಮೇಲೆ ಡೈಕ್‌ಗಳ ಜಾಡು ಹಿಡಿದು, ಜಿಪಿಎಸ್ ಬಿಂದುಗಳನ್ನು ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಕೂರಿಸಿದೆ. ಅಲ್ಲಿ ಒಂದು ಸಣ್ಣ ಲೆಕ್ಕ ಎದುರಾಯಿತು. ನನ್ನ ಡೈಕ್‌ಗಳಲ್ಲಿ ಹೆಚ್ಚಿನವು 20 ಮೀಟರ್ ಅಗಲದ ಆಸುಪಾಸಿನವು. 1:50,000 ಪ್ರಮಾಣದ ನಕ್ಷೆಯಲ್ಲಿ ಅದು 0.4 ಮಿಲಿಮೀಟರ್. ನಿಯತಕಾಲಿಕದ ಪುಟದ ಅಳತೆಗೆ ನಕ್ಷೆಯನ್ನು ಕುಗ್ಗಿಸಿದರೆ ಕೂದಲೆಳೆಯೂ ಉಳಿಯುವುದಿಲ್ಲ. ಆದ್ದರಿಂದ ಎಲ್ಲರೂ ಡೈಕನ್ನು ದಪ್ಪ ಗೆರೆಯಾಗಿಯೇ ಎಳೆಯುತ್ತಾರೆ. ಎಳೆಯಲಿ, ಆದರೆ ಅಗಲವನ್ನು ಹಿಗ್ಗಿಸಿದೆ ಎಂದು ಚಿತ್ರದ ಅಡಿಬರಹದಲ್ಲಿ ಬರೆಯಬೇಕು. ಕಣ್ಣಾರೆ ಕಂಡ ಭಾಗಕ್ಕೆ ಅಖಂಡ ಗೆರೆ, ಮಣ್ಣಿನಡಿ ಮುಂದುವರಿದಿರಬಹುದು ಎಂದು ಊಹಿಸಿದ್ದಕ್ಕೆ ತುಂಡು ಗೆರೆ. ಈ ಭೇದವನ್ನು ಮಾಡದ ನಕ್ಷೆಗಳು ಅಚ್ಚಾಗಿವೆ, ಈಗಲೂ ಅಚ್ಚಾಗುತ್ತಿವೆ. ಅಂಥ ನಕ್ಷೆ ಹಿಡಿದು ಹೊಲಗಳಲ್ಲಿ ಡೈಕ್ ಹುಡುಕಿದವರಿಗೆ ಅದರ ಕಷ್ಟ ಗೊತ್ತು.

ನಕ್ಷೆಯ ಮೂಲೆಯಲ್ಲಿ ಭಾರತದ ಪುಟ್ಟ ಚಿತ್ರ ಹಾಕಿ ಅಧ್ಯಯನ ಪ್ರದೇಶಕ್ಕೊಂದು ಚೌಕ ಎಳೆಯುವುದು ರೂಢಿ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ದೇಶದ ಗಡಿ ಸರ್ವೆ ಆಫ್ ಇಂಡಿಯಾ ತೋರಿಸುವಂತೆಯೇ ಇರಬೇಕು. ಅಂತರಜಾಲದಲ್ಲಿ ಪುಕ್ಕಟೆ ಸಿಗುವ ಎಷ್ಟೋ ಗಡಿರೇಖೆಗಳು ಹಾಗಿರುವುದಿಲ್ಲ. ದಕ್ಷಿಣದಲ್ಲಿ ಕೆಲಸ ಮಾಡುವ ನಮ್ಮಂಥವರು ಪರ್ಯಾಯ ದ್ವೀಪವನ್ನಷ್ಟೇ ಕತ್ತರಿಸಿ ಹಾಕಿ ತಲೆನೋವಿನಿಂದ ಪಾರಾಗುತ್ತೇವೆ. ಲಡಾಖಿನಲ್ಲಿ ಕೆಲಸ ಮಾಡುವ ಗೆಳೆಯರಿಗೆ ಆ ಭಾಗ್ಯವಿಲ್ಲ.

ನಕ್ಷೆಯಾದ ಮೇಲೆ ಕೋಷ್ಟಕ. ಪ್ರಯೋಗಾಲಯದಿಂದ ಬಂದ ಎಕ್ಸೆಲ್ ಹಾಳೆಯನ್ನು ಹಾಗೆಯೇ ಅಂಟಿಸುವಂತಿಲ್ಲ. ಪ್ರತಿ ಮಾದರಿಗೂ ಅಕ್ಷಾಂಶ, ರೇಖಾಂಶ ಬೇಕು. ಶಿಲೆಯಲ್ಲಿರುವ ಆಕ್ಸೈಡ್‌ಗಳ ಶೇಕಡಾವಾರು ಮೊತ್ತ ನೂರರ ಆಸುಪಾಸಿಗೆ ಬರಬೇಕು. ಸುಟ್ಟಾಗ ಕಳೆದುಹೋಗುವ ತೂಕವನ್ನು ಬೇರೆ ತೋರಿಸಬೇಕು. ಕಬ್ಬಿಣವಂತೂ ತನ್ನದೇ ಪೀಕಲಾಟ ತರುತ್ತದೆ. ಎಕ್ಸ್–ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದ ವರದಿಯಲ್ಲಿ ಒಟ್ಟು ಕಬ್ಬಿಣ ಸಾಮಾನ್ಯವಾಗಿ ಫೆರಿಕ್ ಆಕ್ಸೈಡ್ ಲೆಕ್ಕದಲ್ಲಿರುತ್ತದೆ. ಹೋಲಿಕೆಗೆಂದು ನಾನು ಎತ್ತಿಕೊಂಡ ಹಳೆಯ ಪೇಪರುಗಳಲ್ಲಿ ಕೆಲವು ಫೆರಸ್ ಆಕ್ಸೈಡ್ ಲೆಕ್ಕದಲ್ಲಿ ಕೊಟ್ಟಿದ್ದವು. ಮೊದಲಿನದನ್ನು 0.8998ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. ಅಂದರೆ ಶೇ. 12 ಇದ್ದದ್ದು ಶೇ. 10.8ಕ್ಕೆ ಇಳಿಯುತ್ತದೆ. ಗುಣಿಸದೆ ಎರಡನ್ನೂ ಒಂದೇ ಚಿತ್ರದಲ್ಲಿ ಚುಕ್ಕೆಯಿಟ್ಟರೆ, ಒಂದೇ ಬಗೆಯ ಡೈಕ್‌ಗಳು ಎರಡು ಬಗೆಯವಾಗಿ ಕಾಣುತ್ತವೆ. ಎರಡು ಬಗೆಗಳಿವೆ ಎನ್ನುವುದೇ ನಮ್ಮ ಪೇಪರಿನ ವಾದವಾಗಿದ್ದರಿಂದ ಈ ಗುಣಾಕಾರವನ್ನು ಗೈಡ್ ಕ್ಯಾಲ್ಕುಲೇಟರ್ ಹಿಡಿದು ತಾವೇ ಮತ್ತೊಮ್ಮೆ ಮಾಡಿ ನೋಡಿದರು. ಗೆರೆ ಮೀರಿದ ಎಚ್ಚರ ಎನಿಸಿತ್ತು ಆಗ.

ಬರವಣಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಡದ್ದು ಒಂದು ಭಾಗದಲ್ಲಿ, ಅದರಿಂದ ಊಹಿಸಿದ್ದು ಇನ್ನೊಂದು ಭಾಗದಲ್ಲಿ. ಎರಡೂ ಒಂದೇ ವಾಕ್ಯದಲ್ಲಿ ಕೂಡಿಕೊಂಡರೆ ಗೈಡ್ ಅವರ ಕೆಂಪು ಶಾಯಿ. ನೂರು ಸಲ ಕೇಳಿದ ಪಾಠ ಇದು. ಆದರೂ ಇಂಗ್ಲಿಷಿನಲ್ಲಿ ಬರೆಯುವಾಗ, ಅದೂ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರಿಗೆ, ಬೇರೆಯವರ ಪೇಪರುಗಳ ಸಿದ್ಧ ವಾಕ್ಯಗಳು ಕೈಗೆ ತಾವಾಗಿಯೇ ಬರುತ್ತವೆ. ಆ ಸಿದ್ಧ ವಾಕ್ಯಗಳ ಒಳಗೆ ಊಹೆಗಳೂ ಅಡಗಿಕೊಂಡು ಬರುತ್ತವೆ.

ಎಲ್ಲಿಗೆ ಕಳಿಸುವುದು ಎಂಬ ಚರ್ಚೆ ಬೇರೆಯೇ ನಡೆಯಿತು. ಬೆಂಗಳೂರಿನ ಗವಿಪುರದಲ್ಲಿರುವ ಭಾರತೀಯ ಭೂವೈಜ್ಞಾನಿಕ ಸಂಘ 1958ರಲ್ಲಿ ಹುಟ್ಟಿತು. ಅದರ ನಿಯತಕಾಲಿಕ ಮರುವರ್ಷದಿಂದ ಬರುತ್ತಿದೆ. ಕರ್ನಾಟಕದ ಪುರಾತನ ಶಿಲೆಗಳಾದ ಧಾರವಾಡ ಶಿಲಾಸಮೂಹದ ಮೇಲೆ ಕೆಲಸ ಮಾಡುವ ಯಾರೂ ಅದರ ಹಳೆಯ ಸಂಪುಟಗಳನ್ನು ತಿರುವಿಹಾಕದೆ ಮುಂದೆ ಹೋಗಲಾರರು. ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು ಅದರಲ್ಲಿ ಬರೆದ ಟಿಪ್ಪಣಿಗಳನ್ನು ಓದುತ್ತಾ ಮಧ್ಯಾಹ್ನದ ಊಟ ಮರೆತದ್ದುಂಟು. ಆದರೆ ವಿದೇಶಿ ನಿಯತಕಾಲಿಕವೊಂದರಲ್ಲಿ ಬರಲಿ ಎಂಬ ಆಸೆ ಕಿರಿಯರಿಗೆಲ್ಲ ಇರುವಂತೆ ನನಗೂ ಇತ್ತು. ಬರೆದವರು ಶುಲ್ಕ ಕೊಟ್ಟರೆ ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಮಾದರಿ ನಮ್ಮ ಕೈಗೆಟಕುವುದಲ್ಲ. ಎಷ್ಟೋ ಕಡೆ ಆ ಶುಲ್ಕ 3,000 ಡಾಲರ್ ದಾಟುತ್ತದೆ. ಚಂದಾದಾರರ ಮಾದರಿಯಲ್ಲಿ ಬರೆದವರು ಕಾಸು ಕೊಡಬೇಕಿಲ್ಲ. ಇನ್ನು "ಪರಮ ಗೌರವಾನ್ವಿತ ಪ್ರೊಫೆಸರರೇ, ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ" ಎಂದು ಬರುವ ಇ–ಮೇಲ್‌ಗಳು. ನಾನಿನ್ನೂ ಪ್ರೊಫೆಸರ್ ಆಗಿಲ್ಲ. ಅವರಿಗೆ ಅದರಿಂದೇನೂ ಬೇಸರವಿಲ್ಲ.

ಸಲ್ಲಿಸುವ ಜಾಲತಾಣದ ಮುಂದೆ ಕುಳಿತಾಗ ತಿಳಿಯಿತು, ಹಸ್ತಪ್ರತಿ ಎಂಬುದು ಒಂದು ಕಡತವಲ್ಲ, ಕಡತಗಳ ಸಂತೆ. ಸಂಪಾದಕರಿಗೆ ಪತ್ರ, ಶೀರ್ಷಿಕೆ ಪುಟ, ಲೇಖನ, ಒಂದೊಂದು ಚಿತ್ರಕ್ಕೂ ಪ್ರತ್ಯೇಕ ಕಡತ, ಪೂರಕ ಕೋಷ್ಟಕ. ಛಾಯಾಚಿತ್ರ 300 ಡಿಪಿಐ ಇರಬೇಕು, ಗೆರೆಚಿತ್ರ ಅದಕ್ಕಿಂತ ಹೆಚ್ಚು. ಪ್ರತಿ ಲೇಖಕರ ಆರ್ಕಿಡ್ (ORCID) ಎಂಬ ಸಂಶೋಧಕರ ಗುರುತಿನ ಸಂಖ್ಯೆ, ಯಾರು ಯಾವ ಕೆಲಸ ಮಾಡಿದರು ಎಂಬ ವಿವರ, ದತ್ತಾಂಶ ಎಲ್ಲಿ ಸಿಗುತ್ತದೆ ಎಂಬ ಹೇಳಿಕೆ, ಹಿತಾಸಕ್ತಿಯ ಸಂಘರ್ಷ ಇಲ್ಲವೆಂಬ ಘೋಷಣೆ. ಪೇಪರನ್ನು ಓದಿ ವಿಮರ್ಶಿಸಲು ಸೂಕ್ತರಾದ ಕೆಲವು ರಿವ್ಯೂವರ್‌ಗಳ ಹೆಸರನ್ನೂ ನಾವೇ ಕೊಡಬೇಕು. ಅವರು ನಮ್ಮ ಸಂಸ್ಥೆಯವರಾಗಿರಬಾರದು, ಇತ್ತೀಚೆಗೆ ನಮ್ಮ ಜೊತೆ ಬರೆದಿರಬಾರದು, ವಿಷಯ ಬಲ್ಲವರಾಗಿರಬೇಕು. ಧಾರವಾಡ ಭೂಖಂಡದ, ಅಂದರೆ ಕರ್ನಾಟಕದ ಬಹುಭಾಗಕ್ಕೆ ತಳವಾಗಿರುವ ಪುರಾತನ ನೆಲದ, ಡೈಕ್‌ಗಳ ಮೇಲೆ ಕೆಲಸ ಮಾಡುವವರ ಬಳಗ ಚಿಕ್ಕದು. ಈ ಷರತ್ತುಗಳನ್ನೆಲ್ಲ ಹಾಕಿ ಸೋಸಿದರೆ ಉಳಿಯುವವರಲ್ಲಿ ಅರ್ಧ ಜನ ನಾವು ಪೇಪರಿನಲ್ಲಿ ಒಪ್ಪದೆ ಬರೆದವರೇ. "ಅವರ ಹೆಸರನ್ನೇ ಕೊಡು. ಒಪ್ಪದವರೇ ಚೆನ್ನಾಗಿ ಓದುತ್ತಾರೆ" ಎಂದರು ಗೈಡ್.

ಮೊದಲ ಕಡೆಯಿಂದ ಉತ್ತರ ಬೇಗನೆ ಬಂತು. ವಿಮರ್ಶೆಗೂ ಕಳಿಸದೆ ಸಂಪಾದಕರೇ ಹಿಂತಿರುಗಿಸಿದ್ದರು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ವಿಷಯ ಪ್ರಾದೇಶಿಕ ಆಸಕ್ತಿಯದು ಎಂಬುದು ಕಾರಣ. ಯುರೋಪಿನ ಯಾವುದೋ ಒಂದು ಕಣಿವೆಯ ಶಿಲೆಗಳು ಜಾಗತಿಕ, ಕನಕಪುರದವು ಪ್ರಾದೇಶಿಕ. ನನಗೆ ಸಿಟ್ಟು ಬಂದದ್ದು ನಿಜ, ಈಗಲೂ ಪೂರ್ತಿ ಇಳಿದಿಲ್ಲ. ಆದರೂ ಪೀಠಿಕೆಯನ್ನು ಮತ್ತೆ ಓದಿದಾಗ ಕಂಡದ್ದು ಬೇರೆ. ಧಾರವಾಡ ಭೂಖಂಡವು ಜಗತ್ತಿನ ಅತಿ ಹಳೆಯ ಭೂಭಾಗಗಳಲ್ಲೊಂದು ಎಂದು ಶುರುವಾಗುವ ಪೀಠಿಕೆ ಅದು. ನಮ್ಮ ಕಡೆಯ ಪೇಪರುಗಳಲ್ಲಿ ಹೆಚ್ಚಿನವು ಹಾಗೆಯೇ ಶುರುವಾಗುತ್ತವೆ. ಓದುಗನಿಗೆ ಊರಿನ ವಿಳಾಸ ಸಿಗುತ್ತದೆ, ಪ್ರಶ್ನೆ ಸಿಗುವುದಿಲ್ಲ. ಒಂದೇ ಪ್ರದೇಶದ ಎರಡು ಡೈಕ್ ಗುಂಪುಗಳು ಒಂದೇ ಮೂಲದವೋ ಅಲ್ಲವೋ ಎಂದು ಕಾಲಮಾಪನವಿಲ್ಲದೆ ಎಷ್ಟರಮಟ್ಟಿಗೆ ಹೇಳಬಹುದು? ಈ ಪ್ರಶ್ನೆ ಕೆನಡಾದವರಿಗೂ ಬೇಕು, ದಕ್ಷಿಣ ಆಫ್ರಿಕಾದವರಿಗೂ ಬೇಕು. ಪೀಠಿಕೆಯನ್ನು ಅಲ್ಲಿಂದ ಶುರುಮಾಡಿ ಬೇರೊಂದು ನಿಯತಕಾಲಿಕಕ್ಕೆ ಕಳಿಸಿದೆವು.

ಅಲ್ಲಿ ಕೃತಿಚೌರ್ಯ ಪತ್ತೆಯ ತಂತ್ರಾಂಶ ಎಡವಿಸಿತು. ಹೋಲಿಕೆಯ ಪ್ರಮಾಣ ಜಾಸ್ತಿ ಎಂದು ಕಚೇರಿಯಿಂದ ಪತ್ರ. ಯಾರ ಬರಹಕ್ಕೆ ಹೋಲುತ್ತದೆ ಎಂದು ನೋಡಿದರೆ ನನ್ನದೇ ಪ್ರಬಂಧಕ್ಕೆ! ವಿಶ್ವವಿದ್ಯಾಲಯ ಅದನ್ನು ದೇಶದ ಪಿಎಚ್.ಡಿ. ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದಲ್ಲಿ ಏರಿಸಿತ್ತು. ಪ್ರಬಂಧವನ್ನು ಮೊದಲ ಪ್ರಕಟಣೆ ಎಂದು ಎಣಿಸುವುದಿಲ್ಲ ಎಂದು ಆ ನಿಯತಕಾಲಿಕದ ನಿಯಮದಲ್ಲೇ ಇತ್ತು. ಅದನ್ನು ತೋರಿಸಿ, ಪ್ರಬಂಧದ ಕೊಂಡಿಯನ್ನು ಸಂಪಾದಕರ ಪತ್ರದಲ್ಲಿ ಸೇರಿಸಿ, ವಿಧಾನದ ಭಾಗವನ್ನು ಹೊಸದಾಗಿ ಬರೆದು ಮತ್ತೆ ಏರಿಸಿದೆ. ಇಂದಿನ ಸಂಶೋಧನಾ ವಿದ್ಯಾರ್ಥಿಗಳು ಈ ಕೊಂಡಿಯನ್ನು ಮೊದಲೇ ಸೇರಿಸುವುದು ಒಳ್ಳೆಯದು.

ಆಮೇಲೆ ಕಾಯುವಿಕೆ. ಜಾಲತಾಣದಲ್ಲಿ ಪೇಪರಿನ ಸ್ಥಿತಿ ಒಂದೇ ಸಾಲಿನಲ್ಲಿ ಕಾಣುತ್ತದೆ: ಸಂಪಾದಕರ ಬಳಿ, ವಿಮರ್ಶೆಯಲ್ಲಿ, ವಿಮರ್ಶೆ ಪೂರ್ಣ. ತರಗತಿಯಿಂದ ಬಂದು ಅದನ್ನು ನೋಡುವುದು, ಊಟಕ್ಕೆ ಮೊದಲು ನೋಡುವುದು. ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ನೋಡುವುದು.

ಇಬ್ಬರು ವಿಮರ್ಶಕರ ಅಭಿಪ್ರಾಯದೊಂದಿಗೆ ದೊಡ್ಡ ತಿದ್ದುಪಡಿ ಬೇಕೆಂಬ ನಿರ್ಣಯ ಬಂತು. ಮೊದಲನೆಯವರದು ರಸಾಯನದ ಕಡೆಯ ಪ್ರಶ್ನೆಗಳು. ಮಾದರಿಗಳನ್ನು ಯಾವ ಗಿರಣಿಯಲ್ಲಿ ಪುಡಿ ಮಾಡಿದಿರಿ? ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಲ್ಲಾದರೆ ಟಂಗ್‌ಸ್ಟನ್, ಕೋಬಾಲ್ಟ್, ಟ್ಯಾಂಟಲಮ್ ಪುಡಿಗೆ ಸೇರಿಕೊಳ್ಳುತ್ತವೆ. ನಿಮ್ಮ ವಾದದಲ್ಲಿ ಟ್ಯಾಂಟಲಮ್ ಇದೆ. ಎಂಥ ಸೂಕ್ಷ್ಮ ಕಣ್ಣು! ಪುಡಿ ಮಾಡಿದ್ದು ಅಗೇಟ್ ಕಲ್ಲಿನ ಪಾತ್ರೆಯಲ್ಲಿ; ಅದನ್ನು ಬರೆದಿರಲಿಲ್ಲ, ಬರೆದೆವು. ಜೊತೆಗೆ ಅಳೆದ, ಸಂಯೋಜನೆ ಮೊದಲೇ ಗೊತ್ತಿರುವ ಬಿಎಚ್‌ವಿಒ–2 ಎಂಬ ಮಾನಕ ಶಿಲೆಯ ಅಂಕಿಗಳನ್ನೂ ಪೂರಕ ಕೋಷ್ಟಕಕ್ಕೆ ಸೇರಿಸಿದೆವು. ಅವರ ಇನ್ನೊಂದು ಆಕ್ಷೇಪ ಪಿಯರ್ಸ್ ಮತ್ತು ಕ್ಯಾನ್ 1973ರಲ್ಲಿ ರೂಪಿಸಿದ ತ್ರಿಕೋನ ಚಿತ್ರದ ಬಗ್ಗೆ. ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂಗಳ ಆಧಾರದಲ್ಲಿ ಬಸಾಲ್ಟ್ ಎಂಥ ಜಾಗದಲ್ಲಿ ಹುಟ್ಟಿತೆಂದು ಹೇಳುವ ಚಿತ್ರ ಅದು. ಇತ್ತೀಚಿನ ಯುಗದ ಶಿಲೆಗಳಿಂದ ಕಟ್ಟಿದ ಗಡಿಗಳನ್ನು 200 ಕೋಟಿ ವರ್ಷಗಳಿಗೂ ಹಳೆಯ ಡೈಕ್‌ಗಳ ಮೇಲೆ ಹೇರುವುದು ಹೇಗೆ ಸರಿ ಎಂದು ಅವರು ಕೇಳಿದ್ದರು. ಚಿತ್ರವನ್ನೇ ಕೈಬಿಟ್ಟೆವು. ಎಲ್ಲರೂ ಹಾಕುತ್ತಾರೆ ಎಂಬುದನ್ನು ಬಿಟ್ಟರೆ ಅದನ್ನು ಉಳಿಸಿಕೊಳ್ಳಲು ನಮ್ಮ ಬಳಿ ಬೇರೆ ಕಾರಣವಿರಲಿಲ್ಲ.

ಎರಡನೆಯ ವಿಮರ್ಶಕರದು ಒಂದೇ ಪುಟ. ಅದರಲ್ಲೂ ಒಂದೇ ಮುಖ್ಯ ಮಾತು: ನಿಮ್ಮ ಎರಡನೇ ಗುಂಪಿನ ಡೈಕ್ ಗ್ರಾನೈಟನ್ನು ಕತ್ತರಿಸಿದೆ ಎನ್ನುತ್ತೀರಿ, ಮೂರನೇ ಚಿತ್ರದಲ್ಲಿ ಎರಡೂ ತಾಗುವ ಆ ಸಂಧಿ ಮಣ್ಣಿನಡಿ ಇದೆ, ನೋಡಿದ್ದೀರೋ, ಊಹಿಸಿದ್ದೀರೋ?

ಇಂಥ ಪ್ರಶ್ನೆಗೆ ಮೇಜಿನ ಮುಂದೆ ಕುಳಿತು ಉತ್ತರಿಸಲು ಬರುವುದಿಲ್ಲ. ಕನಕಪುರದ ಕಡೆಗೆ ಮತ್ತೆ ಹೊರಟೆ. ಹಳೆಯ ಕ್ವಾರಿಯಲ್ಲಿ ಮಳೆನೀರು ನಿಂತು ಸಂಧಿ ಮುಳುಗಿಹೋಗಿತ್ತು. ಅದೇ ಡೈಕಿನ ಜಾಡಿನಲ್ಲಿ ಮುಂದೆ ಇನ್ನೊಂದು ಕ್ವಾರಿಯಲ್ಲಿ ಹೊಸದಾಗಿ ಕೊಯ್ದ ಗೋಡೆಯಿತ್ತು. ಮೇಲ್ವಿಚಾರಕರು ನಾನು ಡೈಕಿನ ನಡುಭಾಗ ನೋಡಲು ಬಂದಿದ್ದೇನೆ ಎಂದುಕೊಂಡು ಒಳ್ಳೆಯ ಬ್ಲಾಕುಗಳ ಕಡೆ ಕರೆದೊಯ್ದರು. ನನಗೆ ಅಂಚು ಬೇಕು ಎಂದೆ. "ಅಂಚಿನ ಕಲ್ಲು ನಮಗೆ ವೇಸ್ಟ್, ಮೇಡಂ. ಪಾಲಿಶ್ ಕೂರುವುದಿಲ್ಲ, ಬಿರುಕು ಜಾಸ್ತಿ. ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಿ" ಎಂದರು.

ಆ ಗೋಡೆಯಲ್ಲಿ ಎಲ್ಲವೂ ಬಿಚ್ಚಿಟ್ಟಂತೆ ಇತ್ತು. ಎಡಕ್ಕೆ ಗುಲಾಬಿ ಫೆಲ್ಡ್‌ಸ್ಪಾರ್‌ನ ದೊಡ್ಡ ಹರಳುಗಳ ಗ್ರಾನೈಟ್, ಬಲಕ್ಕೆ ಕಪ್ಪು ಡೈಕ್, ನಡುವೆ ಚಾಕುವಿನಿಂದ ಕೊಯ್ದಂಥ ಗೆರೆ. ಗೆರೆಗೆ ತಾಗಿದಂತೆ ಮೂರು ಬೆರಳಗಲ ಡೈಕ್ ಮಸಿಯಂತೆ ನುಣುಪು. ಕೈಮಸೂರ ಹಿಡಿದು ನೋಡಿದರೂ ಹರಳು ಕಾಣುವುದಿಲ್ಲ. ಅಲ್ಲಿಂದ ಒಳಕ್ಕೆ ಹೆಜ್ಜೆಯಿಟ್ಟಂತೆ ಹರಳುಗಳು ದೊಡ್ಡದಾಗುತ್ತಾ, ಪ್ಲೇಜಿಯೊಕ್ಲೇಸ್ ಖನಿಜದ ಬಿಳಿ ಕಡ್ಡಿಗಳು ಬರಿಗಣ್ಣಿಗೇ ಕಾಣತೊಡಗುತ್ತವೆ. ಬಿಸಿ ಬೆಲ್ಲದ ಪಾಕವನ್ನು ತಣ್ಣನೆಯ ತಟ್ಟೆಗೆ ಸುರಿದರೆ ತಟ್ಟೆ ತಾಗಿದ ಅಂಚು ಮೊದಲು ಬಿಗಿಯುವ ಹಾಗೆ, ಶಿಲಾಪಾಕವೂ ಆಗಲೇ ತಣ್ಣಗಿದ್ದ ಗ್ರಾನೈಟಿಗೆ ತಾಗಿ ಹರಳು ಬೆಳೆಯುವ ಮೊದಲೇ ಬಿಗಿದಿತ್ತು. ಇನ್ನಷ್ಟು ಹುಡುಕಿದಾಗ ಡೈಕಿನ ಒಳಗೆ ಅಂಗೈಯಗಲದ ಗ್ರಾನೈಟ್ ತುಂಡೊಂದು ಸಿಕ್ಕಿತು, ಅದೇ ಗುಲಾಬಿ ಹರಳುಗಳೊಂದಿಗೆ. ಪಾಕ ನುಗ್ಗುವಾಗ ಗೋಡೆಯಿಂದ ಕಿತ್ತು ಒಳಗೆ ಎಳೆದುಕೊಂಡ ತುಂಡು. ತುಂಡು ಡೈಕಿನೊಳಗಿದೆ ಎಂದಮೇಲೆ ಗ್ರಾನೈಟ್ ಹಳೆಯದು, ಡೈಕ್ ಹೊಸದು. ಇದಕ್ಕೆ ಯಾವ ಯಂತ್ರದ ಸಾಕ್ಷಿಯೂ ಬೇಡ. ಸುತ್ತಿಗೆಯನ್ನು ಅಳತೆಗಿಟ್ಟು, ಕ್ಯಾಮೆರಾ ಯಾವ ದಿಕ್ಕಿಗಿದೆ ಎಂದು ಬರೆದುಕೊಂಡು ಚಿತ್ರ ತೆಗೆದೆ. ಕ್ವಾರಿಯವರು ದೂಡಿ ಗುಡ್ಡೆ ಹಾಕಿದ್ದ ವೇಸ್ಟಿನಿಂದ ಚೀಲದ ತುಂಬ ಮಾದರಿ ತಂದೆ.

ಉತ್ತರ ಪತ್ರ ಬರೆಯುವುದೂ ಒಂದು ಕಲೆ. ವಿಮರ್ಶಕರ ಪ್ರತಿಯೊಂದು ಮಾತನ್ನೂ ಪೂರ್ತಿ ಅಂಟಿಸಿ, ಅದರ ಕೆಳಗೆ ನಮ್ಮ ಉತ್ತರ, ಯಾವ ಪುಟದ ಯಾವ ಸಾಲಿನಲ್ಲಿ ಏನು ಬದಲಾಯಿತು ಎಂಬ ಉಲ್ಲೇಖ. ಧನ್ಯವಾದ ಒಂದು ಸಲ ಸಾಕು. ಪ್ರತಿ ಉತ್ತರಕ್ಕೂ ಅಮೂಲ್ಯ ಸಲಹೆಗೆ ಕೃತಜ್ಞತೆ ಹೇಳುವ ಪತ್ರಗಳನ್ನು ಓದುವುದೇ ಶಿಕ್ಷೆ. ಒಪ್ಪದ ಕಡೆ ಒಪ್ಪುವುದಿಲ್ಲ ಎಂದು ಕಾರಣ ಸಹಿತ ಹೇಳಬಹುದು. ನಾವೂ ಒಂದೆಡೆ ಹಾಗೆ ಹೇಳಿದೆವು, ಸಂಪಾದಕರು ಒಪ್ಪಿದರು. ಆದರೆ ಶೀರ್ಷಿಕೆಯ ವಿಷಯದಲ್ಲಿ ನಾವೇ ಮಣಿದೆವು. ಮೊದಲ ಶೀರ್ಷಿಕೆಯಲ್ಲಿ ಡೈಕ್‌ಗಳ ಕಾಲ ಎಂಬ ಪದವಿತ್ತು. ಎರಡನೇ ಗುಂಪಿನ ವಯಸ್ಸನ್ನು ನಾವು ಅಳೆದಿರಲಿಲ್ಲ, ಗ್ರಾನೈಟಿಗಿಂತ ಕಿರಿಯದು ಎಂದಷ್ಟೇ ತೋರಿಸಿದ್ದೆವು. ಆ ಪದವನ್ನು ತೆಗೆದಾಗ ಶೀರ್ಷಿಕೆ ಸ್ವಲ್ಪ ಬಡವಾಯಿತು, ಆದರೆ ಪೇಪರಿನಲ್ಲಿ ಇರುವುದನ್ನೇ ಹೇಳಿತು.

ಒಪ್ಪಿಗೆ ಪತ್ರ ಬಂದ ದಿನ ವಿಭಾಗದಲ್ಲಿ ಮೈಸೂರು ಪಾಕ್ ಹಂಚಿದ್ದಾಯಿತು. ಕರಡು ಪ್ರತಿ ಬಂದದ್ದು ಆಂತರಿಕ ಪರೀಕ್ಷೆಯ ನಡುವೆ, 48 ಗಂಟೆಯೊಳಗೆ ತಿದ್ದಿ ಕೊಡಿ ಎಂಬ ಆದೇಶದೊಂದಿಗೆ. ಮೌಲ್ಯಮಾಪನದ ಕಟ್ಟು ಒಂದು ಕಡೆ, ಕರಡು ಇನ್ನೊಂದು ಕಡೆ. ಅಚ್ಚುಜೋಡಣೆಯಲ್ಲಿ ಕೋಷ್ಟಕದ ಒಂದು ಸಾಲು ಪಕ್ಕಕ್ಕೆ ಸರಿದು, ಕ್ರೋಮಿಯಂ ಅಂಕಿಗಳು ನಿಕ್ಕಲ್ ಎದುರು ಕುಳಿತಿದ್ದವು. ಲೇಖನವನ್ನು ಎಷ್ಟು ಓದಿದರೂ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಇಬ್ಬರು ಕುಳಿತು ಒಬ್ಬರು ಮೂಲವನ್ನು ಜೋರಾಗಿ ಓದಿ ಇನ್ನೊಬ್ಬರು ಕರಡಿನಲ್ಲಿ ಟಿಕ್ ಹಾಕಬೇಕು. ಆ ಕೆಲಸಕ್ಕೆ ಕುಳಿತ ಎಂ.ಎಸ್ಸಿ. ವಿದ್ಯಾರ್ಥಿನಿಯ ಹೆಸರನ್ನು ಕೃತಜ್ಞತೆಯ ಸಾಲಿಗೆ ಸೇರಿಸಿದೆವು, ತೆಳುಛೇದ ಮಾಡಿಕೊಟ್ಟ ಪ್ರಯೋಗಾಲಯದ ಸಹಾಯಕರ ಹೆಸರಿನ ಪಕ್ಕ. ಶಿಲೆಯನ್ನು 0.03 ಮಿಲಿಮೀಟರಿಗೆ ತೇಯ್ದು ಒಡೆಯದಂತೆ ಗಾಜಿನ ಮೇಲೆ ಉಳಿಸುವುದು ನನ್ನಿಂದ ಇಂದಿಗೂ ಆಗದ ಕೆಲಸ.

ಈಗ ಎರಡನೇ ಗುಂಪಿನ ಅಗಲವಾದ ಡೈಕೊಂದರ ನಡುಭಾಗದಿಂದ, ಹರಳು ದೊಡ್ಡದಿರುವ ಕಡೆಯಿಂದ, ದೊಡ್ಡ ಮಾದರಿ ತೆಗೆದಿದ್ದೇವೆ. ಡಾಲರೈಟಿನ ವಯಸ್ಸು ಅಳೆಯಲು ಬ್ಯಾಡೆಲಿಯೈಟ್ ಖನಿಜ ಬೇಕು. ಅದು ಜಿರ್ಕೋನಿಯಂ ಆಕ್ಸೈಡ್. ಕಣಗಳು ಎಷ್ಟೋ ಸಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕವು. ನೀರು ಹರಿಯುವ ಅಲುಗಾಟದ ಮೇಜಿನ ಮೇಲೆ ಪುಡಿಯನ್ನು ಸೋಸಿ ಅವುಗಳನ್ನು ಬೇರ್ಪಡಿಸಬೇಕು. ಸಿಕ್ಕರೆ, ಶೀರ್ಷಿಕೆಯಿಂದ ತೆಗೆದ ಪದಕ್ಕೆ ಮುಂದಿನ ಪೇಪರಿನಲ್ಲಿ ಜಾಗವಿದೆ. ಎರಡನೇ ವಿಮರ್ಶಕರು ಯಾರೆಂದು ಗೊತ್ತಾಗಿಲ್ಲ. ಆ ಪೇಪರೂ ಅವರ ಕೈಗೇ ಹೋದರೆ ಒಳ್ಳೆಯದು.